ಹಿಮಕ್ಕೆ ಹೋಗಿ ಬಂದ ಮಣೆ

ನನ್ನ ಅಡುಗೆಮನೆಯಲ್ಲಿ ಒಂದು ಮಣೆ ಇದೆ. ಅದರ ನಡುವೆ ಉದ್ದಕ್ಕೂ ಒಂದು ಸಂದಿ, ಬಲಗಡೆಯ ಮೂಲೆಯಲ್ಲಿ ಒಂದು ತೂತು. ಹುಳು ಕೊರೆದ ತೂತಲ್ಲ, ಹೆಬ್ಬೆರಳು ಸಲೀಸಾಗಿ ಹೋಗುವಂಥ ದುಂಡನೆಯ ತೂತು. ಮನೆಗೆ ಬಂದವರು ಮೊದಲು ನನ್ನ ಮಂಡಿನೋವು ವಿಚಾರಿಸುತ್ತಾರೆ, ಆಮೇಲೆ ಮಣೆಯನ್ನು. “ಇಷ್ಟು ದೊಡ್ಡ ಕಟ್ಟಿಗೆ ವಖಾರ ಇದ್ದವರು ಒಂದು ನೆಟ್ಟಗಿನ ಮಣಿ ಮಾಡಿಸಿಕೊಳ್ಳಲಿಲ್ಲೇನ್ರಿ?” ಎಂದು ಮುಖದ ಮೇಲೆಯೇ ಕೇಳಿದವರೂ ಇದ್ದಾರೆ. ಅಂಥವರು ನನಗೆ ಸೇರುತ್ತಾರೆ. ಒಳಗೊಳಗೇ ನಗುವವರಿಗಿಂತ ವಾಸಿ.

ಮಂಡಿಯ ಡಾಕ್ಟರು ನೆಲದ ಮೇಲೆ ಕೂಡಬೇಡಿ, ಕುರ್ಚಿಯ ಮೇಲೆ ಕೂಡಿ ಎಂದು ಹೇಳಿದ್ದಾರೆ. ಸೊಸೆ ಕೂಡಲೇ ಒಂದು ಕುರ್ಚಿ ತಂದು ಅಡುಗೆಮನೆಯಲ್ಲಿಟ್ಟಳು. ಭಾಳ ಉಪಯೋಗದ ಕುರ್ಚಿ. ಮಣೆಯಿಂದ ಏಳುವಾಗ ಅದನ್ನು ಹಿಡಿದುಕೊಂಡು ಏಳುತ್ತೇನೆ. ಮಣೆಯನ್ನು ಮಾತ್ರ ಯಾರೂ ಅತ್ತಿತ್ತ ಸರಿಸಿಲ್ಲ. ಸರಿಸಲಿಕ್ಕೆ ಆಗುವುದಿಲ್ಲ, ಅಷ್ಟು ಭಾರ. ಸೊಸೆ ಅದರ ಸುತ್ತಲೇ ಕಸ ಗುಡಿಸುತ್ತಾಳೆ, ದೇವರ ಕಟ್ಟೆಯ ಸುತ್ತ ಗುಡಿಸಿದ ಹಾಗೆ.

ಅದು ಜಂಬೆ ಮರ. ನಾನು ಹುಟ್ಟಿದ್ದು ಹಳಿಯಾಳದ ಕಡೆ, ಒಂದು ಕಟ್ಟಿಗೆ ಡಿಪೊದ ಬೇಲಿಯ ಆಚೆಗೆ. ಅಪ್ಪನಿಗೆ ಕಾಡಿನಿಂದ ಬಂದ ದಿಮ್ಮಿಗಳಿಗೆ ಸುತ್ತಿಗೆಯಿಂದ ಗುರುತು ಹೊಡೆಯುವ ಕೆಲಸ. ಶಾಲೆಗೆ ಮೂರನೇ ಇಯತ್ತೆಯ ತನಕ ಹೋದೆ. ಆಮೇಲೆ ಅವ್ವನಿಗೆ ಇನ್ನೊಂದು ಕೂಸಾಯಿತು, ಅದನ್ನು ಎತ್ತಿಕೊಳ್ಳುವವರು ಬೇಕಾಯಿತು, ನನ್ನ ಮಗ್ಗಿ ಹದಿಮೂರಕ್ಕೆ ನಿಂತಿತು. ಅದಕ್ಕಾಗಿ ಯಾರೂ ಅಳಲಿಲ್ಲ, ನಾನೂ ಅಳಲಿಲ್ಲ. ಕೂಸನ್ನು ಸೊಂಟಕ್ಕೇರಿಸಿಕೊಂಡು ದಿನವೆಲ್ಲ ಡಿಪೊದಲ್ಲಿ ತಿರುಗುತ್ತಿದ್ದೆ. ಸಾಗವಾನಿಗೆ ಹಳೆಯ ಚರ್ಮದ ಚೀಲದ ವಾಸನೆ. ಬೀಟೆಗೆ ಸಿಹಿ ವಾಸನೆ. ಹೊನ್ನೆಯ ಚೂರನ್ನು ನೀರಿಗೆ ಹಾಕಿದರೆ ನೀರಿಗೆ ಬಣ್ಣ ಬರುತ್ತದೆ. ಇವನ್ನು ಯಾರೂ ಕೂಡಿಸಿಕೊಂಡು ಕಲಿಸಲಿಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಕೂಸೊಂದು ಸೊಂಟದ ಮೇಲಿದ್ದರೆ ಯಾವ ಚೂರು ಯಾವುದೆಂದು ತಾನೇ ತಿಳಿಯುತ್ತದೆ.

ಡಿಪೊದ ಹೊಂಡದಲ್ಲಿ ಹುಡುಗರೆಲ್ಲ ತೊಗಟೆಯ ದೋಣಿ ಬಿಡುತ್ತಿದ್ದರು. ನಾನು ಎಲ್ಲರಿಗಿಂತ ಗಟ್ಟಿಯಾದ ದೋಣಿ ಮಾಡಬೇಕೆಂದು ಜಂಬೆಯ ಚಕ್ಕೆ ಆರಿಸಿಕೊಂಡೆ. ಬಿಟ್ಟ ಕೂಡಲೇ ಮುಳುಗಿತು. ಎಲ್ಲರೂ ಕೇಕೆ ಹಾಕಿದರು. ಅಪ್ಪ ಮಾತ್ರ ಹೇಳಿದ, “ಹುಚ್ಚಿ, ಜಂಬಿ ಅದು. ನಿಮ್ಮ ಅಜ್ಜಿ ಇದ್ದಂಗ. ನೀರು ಕುಡಿಯೂದಿಲ್ಲ, ಹುಳಾ ಹತ್ತಗೊಡೂದಿಲ್ಲ, ಯಾರ ಮಾತೂ ಕೇಳೂದಿಲ್ಲ. ಅದಕ್ಕ ರೇಲ್ವೆದವರು ಹಳಿ ಕೆಳಗ ಹಾಕತಾರ.” ಅಜ್ಜಿ ಅಲ್ಲೇ ಕಟ್ಟೆಯ ಮೇಲೆ ಕೂತಿದ್ದಳು. ಆ ಮಾತನ್ನೂ ಕೇಳಲಿಲ್ಲ.

ಮದುವೆಯಾಗಿ ಬಂದದ್ದೂ ಕಟ್ಟಿಗೆಗೇ. ಪುಣೆಯ ಟಿಂಬರ್ ಮಾರ್ಕೆಟ್ಟಿನಲ್ಲಿ ನಮ್ಮವರ ವಖಾರ, ಕೆಲವು ವರ್ಷಗಳ ಮೇಲೆ ಅದರ ಮಾಳಿಗೆಯಲ್ಲೇ ನಮ್ಮ ಮನೆ. ನಮ್ಮವರು ನಾಲ್ಕು ಜನರ ಎದುರಿಗೆ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಆದರೆ ಗುರುತು ಸಿಗದ ಮಾಲು ಬಂದರೆ ಮಧ್ಯಾಹ್ನ ಊಟಕ್ಕೆ ಬರುವಾಗ ಜೇಬಿನಲ್ಲಿ ಒಂದು ಚೂರು ತಂದು ಒಲೆಯ ಪಕ್ಕ ಇಡುತ್ತಿದ್ದರು. “ಇದರದು ಹೊಗಿ ಹೆಂಗ ಬರತದ ನೋಡು” ಅನ್ನುತ್ತಿದ್ದರು. ನಾನು ನೋಡಿ ಹೇಳುತ್ತಿದ್ದೆ. ಸಂಜೆ ಅವರು ಗಿರಾಕಿಗೆ ಅದೇ ಮಾತನ್ನು ಹುಬ್ಬು ಗಂಟಿಕ್ಕಿಕೊಂಡು ಹೇಳುವುದು ಮೇಲೆ ನನಗೆ ಕೇಳಿಸುತ್ತಿತ್ತು. ಅವರು ಹೋದ ಮೇಲೆ ಮಗ ವಸಂತ ಗದ್ದುಗೆಗೆ ಕೂತ. ಅವನು ಕಾಲೇಜು ಓದಿದವನು, ಅವನ ಕಾಲಕ್ಕೆ ಎಲ್ಲವೂ ಪ್ಲಾಯ್‌ವುಡ್. ಪ್ಲಾಯ್‌ವುಡ್ಡಿಗೆ ಹೆಸರು ಮೇಲೆಯೇ ಬರೆದಿರುತ್ತದೆ, ಹೊಗೆ ನೋಡುವ ಕೆಲಸವಿಲ್ಲ. ನಾನು ವಖಾರದ ಬಾಗಿಲಲ್ಲಿ ಹೊರಸಿನ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದೆ.

ತೊಂಬತ್ತೇಳೋ ತೊಂಬತ್ತೆಂಟೋ, ಹೋಳಿ ಆಗಿತ್ತು. ಮಾರ್ಕೆಟ್ಟಿನ ಮೂಲೆಯ ಹೊಟೇಲಿನ ಶೆಟ್ಟರು ಬಂದರು. ಮಂಗಳೂರು ಕಡೆಯವರು, ಮೂವತ್ತು ವರ್ಷದಿಂದ ನಮ್ಮ ಬೀದಿಗೆ ಇಡ್ಲಿ ಹಾಕಿದವರು.

“ವಸಂತಣ್ಣ, ಹಿಮ ಬೀಳುವ ಊರಿಗೆ ಯಾವ ಮರ ಆಗ್ತದೆ?”

“ಹಿಮಾ? ಯಾವ ಊರಿಗ್ರಿ?”

“ಮನಾಲಿ ಉಂಟಲ್ಲ, ಅದರ ಮೇಲೆ ಒಂದು ಹಳ್ಳಿ. ಗೆಸ್ಟ್‌ಹೌಸಿನ ಎದುರಿಗೆ ಡೆಕ್ ಮಾಡ್ಬೇಕು. ಹಲಗೆಯ ಜಗಲಿ. ಮೊದಲು ಅಲ್ಲಿಯದ್ದೇ ಚೀಡ್ ಮರ ಹಾಕಿದ್ರು. ನಾಲ್ಕು ಚಳಿಗಾಲಕ್ಕೆ ಕೊಳೆತು ಹೋಯ್ತು.”

“ಯಾರ ಮನೀರಿ ಅದು?” ನಾನು ಹೊರಸಿನಿಂದಲೇ ಕೇಳಿದೆ.

ಶೆಟ್ಟರು ಕನ್ನಡಕ ತೆಗೆದು ಒರೆಸಿದರು. “ಗೊತ್ತಿದ್ದವರದ್ದು ಅಮ್ಮ.”

“ಗೊತ್ತಿದ್ದವರ ಜಗಲಿ ಸಲುವಾಗಿ ಮಧ್ಯಾಹ್ನ ಹನ್ನೆರಡಕ್ಕ, ಊಟದ ಗದ್ದಲದಾಗ, ಯಾರೂ ಗಲ್ಲೆ ಬಿಟ್ಟು ಬರೂದಿಲ್ರಿ ಶೆಟ್ರ.”

ವಸಂತ ನನ್ನತ್ತ ಕಣ್ಣು ಬಿಟ್ಟ. ಶೆಟ್ಟರು ಹೊರಸಿನ ತುದಿಗೆ ಕೂತರು. ಮನೆ ಮಗಳದು. ಪ್ರತಿಮಾ. ನಮ್ಮ ಕಣ್ಣೆದುರಿಗೆ ಬೆಳೆದ ಹುಡುಗಿ, ಹೊಟೇಲಿನ ಕೆಲಸವನ್ನೇ ಕಲಿಯಲಿಕ್ಕೆ ಉತ್ತರಕ್ಕೆ ಹೋಗಿ ಅಲ್ಲಿಯ ಗುಡ್ಡಗಾಡಿನ ಹುಡುಗನನ್ನು ಮಾಡಿಕೊಂಡಳು. ಶೆಟ್ಟರು ಮದುವೆಗೆ ಹೋಗಲಿಲ್ಲ. ನಾಲ್ಕು ವರ್ಷದಿಂದ ಮಾತಿಲ್ಲ. ಅವರ ಹೆಂಡತಿ ಮಾತ್ರ ಫೋನಿನಲ್ಲಿ ಮಾತಾಡುತ್ತಿದ್ದರು. ಹೋದ ತಿಂಗಳು ಆ ಕೊಳೆತ ಹಲಗೆ ಮುರಿದು ಪ್ರತಿಮಾಳ ಕಾಲು ಮೊಣಕಾಲಿನ ತನಕ ಒಳಗೆ ಹೋಯಿತು. ಕಂಕುಳಲ್ಲಿದ್ದ ಮಗು ಹಿಮದ ಮೇಲೆ ಬಿತ್ತು. ಮಗುವಿಗೆ ಏನೂ ಆಗಲಿಲ್ಲ. ಇಷ್ಟನ್ನೂ ಹೆಂಡತಿ ಅನ್ನ ಬಡಿಸುತ್ತ ಹೇಳಿದ್ದರು. ಅದಾದ ಮೇಲೆ ಶೆಟ್ಟರಿಗೆ ಅನ್ನ ಸೇರುತ್ತಿರಲಿಲ್ಲ.

“ನಾನು ಮಾತಾಡುದಿಲ್ಲ. ಮರ ಕಳಿಸ್ತೇನೆ,” ಎಂದರು. “ಯಾರು ಕಳಿಸಿದ್ದು ಅಂತ ಅವಳಿಗೆ ಗೊತ್ತಾಗಬಾರದು. ಮತ್ತೆ ಅದು ಮುರೀಬಾರದು. ಅಷ್ಟೇ.”

“ಬಾಯಿ ಇದ್ದವರು ಕಟ್ಟಿಗಿ ಯಾಕ ಕಳಸ್ತೀರಿ? ಫೋನ್ ಹಚ್ಚರಿ. ಹಗುರಾಗತದ.”

“ಅಮ್ಮ,” ಶೆಟ್ಟರು ಕೈ ಮುಗಿದರು, “ನೀವು ಮರ ಹೇಳಿ.”

ವಸಂತ ಹೊರದೇಶದಿಂದ ಹೊಸದಾಗಿ ಬಂದ ಕೆಂಪು ಹಲಗೆ ತೋರಿಸಿದ, ಸಾಗವಾನಿ ತೋರಿಸಿದ. ಶೆಟ್ಟರಿಗೆ ಸಮಾಧಾನವಾಗಲಿಲ್ಲ. “ಬಿಸಿ ಊರಿನ ಮರ ಆ ಚಳಿಗೆ ಸೀಳಿ ಹೋಗುದಿಲ್ವಾ? ನೆನೆಸಿದರೆ ನನಗೇ ಮೂಳೆ ನೋಯ್ತದೆ ಮಾರಾಯ್ರೆ.”

ಹಿಮವೆಂದರೆ ಏನೆಂದು ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪುಣೆಯ ಚಳಿಗೆ ನಾವು ಕಿವಿಗೆ ಮಫ್ಲರು ಸುತ್ತಿಕೊಂಡು ಕೆಮ್ಮುವವರು. ಒಮ್ಮೆ ಮಳೆಗಾಲದಲ್ಲಿ ಲೋಣಾವಳಕ್ಕೆ ಹೋದಾಗ ಗುಡ್ಡದ ತುಂಬ ಬೆಳ್ಳಗೆ ಮೋಡ ಇಳಿದಿತ್ತು. ಇದೇ ಹಿಮ ಎಂದು ನಾನು ಊರಿಗೆಲ್ಲ ಹೇಳಿಕೊಂಡು ಬಂದೆ. ಸೆರಗಿನಲ್ಲಿ ಹಿಡಿಯಲಿಕ್ಕೂ ನೋಡಿದ್ದೆ, ಚಿಕ್ಕಿಯ ಪೊಟ್ಟಣ ಒದ್ದೆಯಾಯಿತು, ಅಷ್ಟೇ. ಆದರೆ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಸೊಸೆ ಮರೆತಿಟ್ಟ ನೀರಿನ ಬಾಟಲಿ ಒಡೆದದ್ದನ್ನು ನೋಡಿದ್ದೆ. ಖಾಲಿ ಬಾಟಲಿ ಅದೇ ಖಾನೆಯಲ್ಲಿ ಎಷ್ಟು ದಿನ ಇಟ್ಟರೂ ಒಡೆಯುವುದಿಲ್ಲ.

“ಥಂಡಿ ಕಟ್ಟಿಗಿಗೆ ಏನೂ ಮಾಡೂದಿಲ್ಲ,” ಎಂದೆ. “ಒಳಗ ಹೊಕ್ಕ ನೀರು ಗಡ್ಡಿಯಾಗಿ ಒಡೀತದ. ನೀರು ಕುಡಿಯದ ಕಟ್ಟಿಗಿ ಹಾಕ್ರಿ. ಜಂಬಿ.”

ವಸಂತ ನಕ್ಕ. “ಅವ್ವಾ, ಜಂಬಿ ಈಗ ಎಲ್ಲಿ ಸಿಗತದ?”

“ದೌಂಡದಾಗ.”

ಆ ವರ್ಷಗಳಲ್ಲಿ ರೇಲ್ವೆಯವರು ಹಳಿಯ ಕೆಳಗಿನ ಕಟ್ಟಿಗೆಯ ಸ್ಲೀಪರುಗಳನ್ನು ತೆಗೆದು ಸಿಮೆಂಟಿನವು ಹಾಕುತ್ತಿದ್ದರು. ತೆಗೆದದ್ದನ್ನು ಕಾಂಟ್ರಾಕ್ಟರುಗಳು ಕೊಂಡು ಸೋಲಾಪುರದ ದಾರಿಯ ದೌಂಡ ಜಂಕ್ಷನ್ನಿನಲ್ಲಿ ಒಟ್ಟಿದ್ದಾರೆಂದು ಮಾರ್ಕೆಟ್ಟಿನಲ್ಲಿ ಮಾತಿತ್ತು. ವಖಾರದವರು ಅದನ್ನು ಭಟ್ಟಿಯವರಿಗೆ ಉರುವಲು ಎಂದು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಮೂವತ್ತು ನಲವತ್ತು ವರ್ಷ ಬಿಸಿಲು, ಮಳೆ, ಮೇಲೆ ರೈಲು. ಇಷ್ಟು ತಿಂದೂ ಉಳಿದದ್ದಕ್ಕೆ ಇನ್ನೇನು ಪರೀಕ್ಷೆ ಬೇಕು? ಒಣಗುವುದೂ ಬಾಕಿ ಇರುವುದಿಲ್ಲ.

ಒಂದು ಬೆಳಿಗ್ಗೆ ವಸಂತನನ್ನು ಕರೆದುಕೊಂಡು ಸೋಲಾಪುರದ ಗಾಡಿ ಹತ್ತಿದೆ. ಚೀಲದಲ್ಲಿ ನೀರು, ಚಪಾತಿ, ಮತ್ತು ನಮ್ಮ ಮನೆಯ ಕಬ್ಬಿಣದ ಖಲಬತ್ತೆಯ ಗುಂಡು. ಏಲಕ್ಕಿ ಕುಟ್ಟುವ ಗುಂಡಿನಷ್ಟು ಸ್ಪಷ್ಟವಾಗಿ ಕಟ್ಟಿಗೆಯನ್ನು ಮಾತಾಡಿಸುವುದು ಬೇರೆ ಇಲ್ಲ. ದೌಂಡದ ಬಿಸಿಲಿಗೆ ಬೆಟ್ಟದಷ್ಟು ಸ್ಲೀಪರು ಬಿದ್ದಿದ್ದವು. ಅಪ್ಪನ ಸುತ್ತಿಗೆಯ ಗುರುತು ಒಂದರ ಮೇಲಾದರೂ ಕಂಡಿತು ಎಂದು ಬರೆದರೆ ಕತೆ ಚಂದ ಆಗುತ್ತಿತ್ತು. ಕಾಣಲಿಲ್ಲ. ಗ್ರೀಸು ಇತ್ತು, ನಾಯಿ ಮಾಡಿದ್ದು ಇತ್ತು. ಒಂದೊಂದರ ತುದಿಗೆ ಗುಂಡಿನಿಂದ ಹೊಡೆದು ಇನ್ನೊಂದು ತುದಿಗೆ ಕಿವಿಯಿಟ್ಟೆ. ಠಣ್ ಅಂದರೆ ಗಟ್ಟಿ, ಧಪ್ ಅಂದರೆ ಒಳಗೆ ಹೊಟ್ಟು. ಪ್ರತಿಯೊಂದಕ್ಕೂ ಬಗ್ಗಿ, ಕಿವಿಯಿಟ್ಟು, ಎದ್ದು ಹೋಗುವುದನ್ನು ನೋಡಿ ಕಾಂಟ್ರಾಕ್ಟರು ಕೇಳಿದ, “ಆಜಿ, ದೇವದರ್ಶನಾಲಾ ಆಲಾತ ಕಾ?” ದೇವರ ದರ್ಶನಕ್ಕೆ ಬಂದಿರೇನು ಎಂದು. “ಹೌದಪಾ, ನಿನ್ನ ದೇವರೊಳಗ ಅರ್ಧಕ್ಕರ್ಧ ಪೊಳ್ಳು,” ಎಂದೆ. ಕನ್ನಡದಲ್ಲಿ ಹೇಳಿದ್ದಕ್ಕೆ ಅವನು ಖುಷಿಯಿಂದ ತಲೆಯಾಡಿಸಿದ. ವಸಂತ ನಮ್ಮ ಮನೆಯವನೇ ಅಲ್ಲ ಎನ್ನುವ ಹಾಗೆ ದೂರ ನಿಂತಿದ್ದ.

ಪುಣೆಗೆ ತಂದು ಸೀಳಿಸುವಾಗ ಗರಗಸದ ಹಲ್ಲು ಮೂರು ಸಲ ಹೋದವು. ಗರಗಸದವನು ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಆದರೆ ಕಪ್ಪು ಹೊರಮೈ ಹೋದ ಮೇಲೆ ಒಳಗಿನ ಬಣ್ಣ ನೋಡಬೇಕಿತ್ತು, ಹದವಾಗಿ ಕಾಸಿದ ಬೆಲ್ಲದ ಪಾಕ.

ಅಷ್ಟಾದರೂ ಮಗನಿಗೆ ಅನುಮಾನ. “ರೈಲಿಗೆ ತಡದದ್ದು ಹಿಮಕ್ಕ ತಡೀಬೇಕಂತ ಎಲ್ಲೆದ?” ಪ್ರಶ್ನೆ ಸರಿಯೇ ಇತ್ತು. ಹಾಗಾಗಿ ನಾವು ಹಿಮವನ್ನು ಹುಡುಕಿಕೊಂಡು ಶೆಟ್ಟರ ಹೊಟೇಲಿಗೆ ಹೋದೆವು. ಅವರಲ್ಲಿ ಐಸ್‌ಕ್ರೀಮ್ ಇಡುವ ದೊಡ್ಡ ಡೀಪ್‌ಫ್ರೀಜರ್ ಇತ್ತು. ಜಂಬೆ, ಸಾಗವಾನಿ, ವಸಂತನ ಕೆಂಪು ಹಲಗೆ, ಮೇಲೆ ಅವನ ಭಾಳ ನೆಚ್ಚಿನ ಪ್ಲಾಯ್‌ವುಡ್, ನಾಲ್ಕರ ಒಂದೊಂದು ತುಂಡು. ನೀರಿನಲ್ಲಿ ಮುಳುಗಿಸುವುದು, ಫ್ರೀಜರಿನಲ್ಲಿಡುವುದು, ಮರುದಿನ ಬಿಸಿಲಿಗೆ ಹಾಕುವುದು, ಮತ್ತೆ ನೀರು, ಮತ್ತೆ ಫ್ರೀಜರ್. ಅಡುಗೆಯ ಭಟ್ಟರಿಗೆ ಮೈಯೆಲ್ಲ ಉರಿ.

“ಪಿಸ್ತಾ ಐಸ್‌ಕ್ರೀಮಿನ ಪಕ್ಕದಲ್ಲಿ ರೈಲಿನ ಮರ! ಗಿರಾಕಿ ನೋಡಿದ್ರೆ ಎಂತ ಹೇಳುದು ಅಮ್ಮ?”

“ಮರದ ಕುಲ್ಫಿ ಅಂತ ಹೇಳ್ರಿ. ನಿಮ್ಮ ಕುಲ್ಫಿಕಿಂತ ಮೆತ್ತಗದ.”

ಹದಿನೈದು ದಿನ ಹೀಗೆ ನಡೆಯಿತು. ಪ್ಲಾಯ್‌ವುಡ್ ನೆನೆದ ಪುಸ್ತಕದ ಹಾಗೆ ಹಾಳೆಹಾಳೆಯಾಗಿ ಬಿಚ್ಚಿಕೊಂಡಿತು. ಕೆಂಪು ಹಲಗೆ ತುದಿಯಲ್ಲಿ ಬಾಯಿ ಬಿಟ್ಟಿತು. ಸಾಗವಾನಿ ಮರ್ಯಾದೆಯಿಂದ ಉಳಿಯಿತು, ಒಂದು ಕೂದಲೆಳೆಯ ಬಿರುಕು ಬಿಟ್ಟು. ಜಂಬೆಗೆ ಏನೂ ಆಗಲಿಲ್ಲ, ಸ್ವಲ್ಪ ತಣ್ಣಗಾಗಿತ್ತು ಅಷ್ಟೇ. ವಸಂತ ಪ್ಲಾಯ್‌ವುಡ್ಡಿನ ಹಾಳೆಗಳನ್ನು ಕೂಡಿಸಿ ಜೇಬಿಗೆ ಹಾಕಿಕೊಂಡ. ನಾನು ಆ ದಿನ ಶೆಟ್ಟರ ಹೊಟೇಲಿನಲ್ಲಿ ಎರಡು ಜಾಮೂನು ತಿಂದೆ.

ನನಗೆ ಜಂಬ ಬಂದದ್ದು ಅಲ್ಲಿಂದ. ಈಗ ನನ್ನ ತಪ್ಪು ಹೇಳುತ್ತೇನೆ.

ಹಲಗೆ ಕೂಡಿಸುವ ಕೆಲಸ ತುಕಾರಾಮ ಮಿಸ್ತ್ರಿಯದು. ನಮ್ಮವರ ಕಾಲದಿಂದ ಇದ್ದವನು, ಕಿವಿಯ ಮೇಲೆ ಯಾವಾಗಲೂ ಪೆನ್ಸಿಲು. ಕಳಿಸುವ ಮೊದಲು ವಖಾರದ ಅಂಗಳದಲ್ಲಿ ಒಂದಿಷ್ಟು ಹಲಗೆಗಳನ್ನು ಜೋಡಿಸಿ ನೋಡಿದೆವು. ಅವನು ಹಲಗೆ ಹಲಗೆಯ ನಡುವೆ ಪೆನ್ಸಿಲಿನಷ್ಟು ಜಾಗ ಬಿಟ್ಟಿದ್ದ. ಅದನ್ನು ನೋಡಿ ನನಗೆ ಸಿಟ್ಟು ನೆತ್ತಿಗೇರಿತು.

ಏಕೆಂದರೆ ಮದುವೆಯಾದ ಹೊಸದರಲ್ಲಿ ನಾವು ಪೇಟೆಯ ಒಂದು ಹಳೆಯ ವಾಡೆಯಲ್ಲಿ ಬಾಡಿಗೆಗಿದ್ದೆವು. ಮೇಲೆ ಹಲಗೆಯ ಮಾಳಿಗೆ, ಅದರ ಮೇಲೆ ಇನ್ನೊಂದು ಸಂಸಾರ. ಹಲಗೆಗಳ ನಡುವೆ ಸಂದಿ. ಅವರು ಮೇಲೆ ಕಸ ಗುಡಿಸಿದರೆ ನಮ್ಮ ಸಾರಿಗೆ ಒಗ್ಗರಣೆ. ಅವರ ಕೂಸು ಮೇಲೆ ಉಚ್ಚೆ ಹೊಯ್ದರೆ ನಮ್ಮವರು ತಾಟು ಹಿಡಿದುಕೊಂಡು ಗೋಡೆಗೆ ಸರಿಯುತ್ತಿದ್ದರು. ಆರು ವರ್ಷ ಆ ಸಂದಿಗಳ ಕೆಳಗೆ ಬಾಳುವೆ ಮಾಡಿದ ಮೇಲೆ, ಒಳ್ಳೆಯ ಮಿಸ್ತ್ರಿ ಎಂದರೆ ಸಂದಿ ಬಿಡದ ಮಿಸ್ತ್ರಿ ಎಂದು ನನ್ನ ತಲೆಯಲ್ಲಿ ಮೊಳೆ ಹೊಡೆದಂತೆ ಕೂತಿತ್ತು.

“ತುಕಾರಾಮ, ಇದೇನು ಹಲ್ಲು ಉದುರಿದ ಮುದುಕನ ಬಾಯಿ?”

“ಆಜಿ, ಫಟ ಪಾಹಿಜೇ. ಪಾಣೀ ಕುಠೂನ ಜಾಣಾರ?” ಸಂದಿ ಬೇಕು, ಇಲ್ಲದಿದ್ದರೆ ನೀರು ಎಲ್ಲಿಂದ ಹೋಗಬೇಕು ಎಂದ.

“ನೀರು ಅಂಚಿನಿಂದ ಹೋಗತದ. ಅಲ್ಲಿ ಕೂಸು ಅಂಬೆಗಾಲು ಇಡತದ, ಬೆರಳು ಸಿಗತಾವ. ಬಿಗಿಯಾಗಿ ಕೂಡಿಸು.” ಮರಾಠಿಯಲ್ಲಿ ಇದನ್ನೇ ಇನ್ನೂ ಜೋರಾಗಿ ಹೇಳಿದೆ. ಅವನು ಕೂಡಿಸಿದ. ಒಳಗಿನಿಂದ ಒಂದು ಹಿಡಿ ಸಾಸಿವೆ ತಂದು ಮೇಲೆ ಚೆಲ್ಲಿದೆ. ಒಂದು ಕಾಳೂ ಕೆಳಗೆ ಬೀಳಲಿಲ್ಲ. ಬೀದಿಯವರು ಬಂದು ನೋಡಿ ಭೇಷ್ ಎಂದರು. ಶೆಟ್ಟರೂ ಬಗ್ಗಿ, ಬೆರಳಾಡಿಸಿ, “ಎಂಥ ಕೆಲಸ ಅಮ್ಮ, ಕನ್ನಡಿ!” ಎಂದರು. ಆ ಮಾತು ಎಷ್ಟು ನಿಜವೆಂದು ಆಗ ಅವರಿಗೂ ಗೊತ್ತಿರಲಿಲ್ಲ.

ಮಳೆ ನಿಂತ ಮೇಲೆ ಹಲಗೆಗಳು ಲಾರಿಯಲ್ಲಿ ಹೋದವು, ತುಕಾರಾಮ ರೈಲಿನಲ್ಲಿ ಹೋದ. ಕಳಿಸಿದವರ ಹೆಸರು ಹೇಳಬೇಡ ಎಂದು ಶೆಟ್ಟರು ಅವನಿಗೆ ನೂರು ಸಲ ಹೇಳಿದ್ದರು. ಅವನು ತಡೆದದ್ದು ಅಲ್ಲಿ ಮೊದಲನೆಯ ಚಹಾ ಮುಗಿಯುವ ತನಕ. ಅದೂ ಚಹಾ ಬಿಸಿ ಇತ್ತೆಂದು.

ಎರಡು ದಿನದ ಮೇಲೆ ಶೆಟ್ಟರು ವಖಾರಕ್ಕೆ ಬಂದರು. ಮತ್ತೆ ಮಧ್ಯಾಹ್ನ ಹನ್ನೆರಡಕ್ಕೇ.

“ಅಮ್ಮ, ಮಗಳು ಫೋನ್ ಮಾಡಿದ್ಲು.”

“ಏನಂದ್ಲು?”

“ಪಪ್ಪಾ, ಹಲಗೆ ಬಂತು ಅಂತ.”

“ನೀವೇನಂದ್ರಿ?”

“ಊಟ ಆಯ್ತಾ ಅಂತ ಕೇಳಿದೆ.”

“ನಾಲ್ಕು ವರ್ಷದ ಮ್ಯಾಲ ಇಷ್ಟೇ?”

“ಹೊಟೇಲಿನವ ಮತ್ತೆಂತ ಕೇಳುದು ಅಮ್ಮ?” ಎಂದು ಕನ್ನಡಕ ಒರೆಸಿದರು. ಅವಳು ಡಿಸೆಂಬರಿಗೆ ಬನ್ನಿ ಎಂದು ಕರೆದಿದ್ದಳು. ಹೋಗುವುದೋ ಬಿಡುವುದೋ ಎಂದು ಎರಡು ತಿಂಗಳು ತೂಗಾಡಿದರು. ಅಳಿಯನಿಗೆ ಏನು ಹೇಳುವುದು, ಹೊಸ್ತಿಲಲ್ಲಿ ಮೊದಲು ಯಾರ ಮುಖ ನೋಡುವುದು, ಮಗುವನ್ನು ಎತ್ತಿಕೊಳ್ಳುವುದೋ ಬೇಡವೋ, ಎಲ್ಲವನ್ನೂ ನಮ್ಮ ಹೊರಸಿನ ಮೇಲೆ ಕೂತು ತಾಲೀಮು ಮಾಡಿದರು. ಹೊರಡುವ ದಿನ ಕೇಳಿದ್ದು ಒಂದೇ: “ಮರ ಹಿಡೀತದಲ್ಲ?”

“ಆನಿ ತಂದು ನಿಲ್ಲಸ್ರಿ,” ಎಂದೆ.

ಆನೆಯನ್ನು ನಿಲ್ಲಿಸಬಹುದಿತ್ತು. ಮರ ಮುರಿಯಲಿಲ್ಲ, ಸೀಳಲಿಲ್ಲ, ಒಂದು ಗೀರೂ ಬೀಳಲಿಲ್ಲ. ಮುರಿದದ್ದು ಶೆಟ್ಟರ ಕೈ.

ಪ್ರತಿಮಾ ವಖಾರಕ್ಕೇ ಫೋನ್ ಮಾಡಿ ನನ್ನನ್ನು ಕರೆದಳು. “ಅಜ್ಜೀ, ಪಪ್ಪ ಬಿದ್ರು.” ನಾನು ಫೋನನ್ನು ಕಿವಿಗೆ ಇನ್ನೂ ಒತ್ತಿಕೊಂಡೆ. ಆಮೇಲೆ ಅವಳು ನಗುತ್ತಿದ್ದಾಳೆಂದು ತಿಳಿಯಿತು. ನಗುತ್ತ, ಮೂಗು ಎಳೆಯುತ್ತ ಹೇಳಿದಳು. ಹಗಲು ಬಿಸಿಲಿಗೆ ಹಿಮ ಕರಗುತ್ತದೆ. ನೀರಿಗೆ ಕೆಳಗೆ ಹೋಗಲು ದಾರಿ ಇಲ್ಲ. ಮೊದಲಿಗೆ ಬಿದ್ದ ಮಳೆಗೆ ಹಲಗೆಗಳು ಎಳ್ಳಷ್ಟು ಉಬ್ಬಿ ಒಂದನ್ನೊಂದು ಇನ್ನೂ ಒತ್ತಿ ಹಿಡಿದಿದ್ದವು, ಅಂಚಿನ ಕಡೆಗೂ ನೀರು ಹರಿಯುತ್ತಿರಲಿಲ್ಲ. ಸಂಜೆ ಅಷ್ಟೂ ನೀರು ಗಾಜಾಗುತ್ತಿತ್ತು. ಶೆಟ್ಟರು ಹೊಸ ಬೂಟು ಹಾಕಿಕೊಂಡು, ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ಮೈಸೂರುಪಾಕಿನ ಡಬ್ಬಿ ಹಿಡಿದು ಜಗಲಿ ಹತ್ತಿದರು. ಎದುರಿಗೆ ಹೊಸ್ತಿಲಲ್ಲಿ ಅಳಿಯ, ಮಗಳು, ಮಗು. ತಾಲೀಮು ಮಾಡಿದ್ದ ಮಾತು ಬಾಯಿಗೆ ಬರುವ ಮೊದಲೇ ಕಾಲು ಹೋಯಿತು. ಜಗಲಿಯ ಈ ತುದಿಯಿಂದ ಆ ತುದಿಗೆ ಬೆನ್ನ ಮೇಲೆ ಜಾರಿಕೊಂಡು ಹೋಗಿ ನೇರ ಹೊಸ್ತಿಲಿಗೆ ಮುಟ್ಟಿದರು. ಅಜ್ಜ ಆಟ ಆಡುತ್ತಿದ್ದಾನೆ ಎಂದು ಮಗು ಚಪ್ಪಾಳೆ ತಟ್ಟಿತು. ಮಗಳ ಮನೆಯೊಳಗೆ ಹೇಗೆ ಕಾಲಿಡುವುದೆಂದು ನಾಲ್ಕು ವರ್ಷ ಯೋಚಿಸಿದ ಮನುಷ್ಯ ಕಾಲೇ ಇಡದೆ ಒಳಗೆ ಹೋದರು. ಅಳಿಯನೇ ಎತ್ತಿಕೊಂಡು ಹೋದ.

“ಮೈಸೂರುಪಾಕು?” ಎಂದು ಕೇಳಿದೆ. ಬೇರೇನು ಕೇಳಬೇಕೆಂದು ತಿಳಿಯಲಿಲ್ಲ.

“ಡಬ್ಬಿ ಬಿಡ್ಲೇ ಇಲ್ಲ ಅಜ್ಜಿ. ಅದಕ್ಕೇ ಕೈ ಮುರಿದದ್ದು.”

ಅವಳು ನಕ್ಕಳೆಂದು ನನ್ನ ತಪ್ಪು ಚಿಕ್ಕದಾಗಲಿಲ್ಲ. ಕೈಯ ಬದಲು ತಲೆ ಒಡೆದಿದ್ದರೆ? ಮಗು ಓಡಿ ಬಂದಿದ್ದರೆ? ನಾನು ಊಟ ಬಿಡಲಿಲ್ಲ, ಊಟದ ಮೇಲೆ ನನಗೆ ಯಾವತ್ತೂ ಸಿಟ್ಟಿಲ್ಲ. ಆದರೆ ಆ ದಿನ ಸಾಸಿವೆಯ ಡಬ್ಬಿ ಮುಟ್ಟಲಿಲ್ಲ. ಹದಿನೈದು ದಿನ ಐಸ್‌ಕ್ರೀಮಿನ ಪಕ್ಕದಲ್ಲಿಟ್ಟು ನಾನು ಪರೀಕ್ಷೆ ಮಾಡಿದ್ದು ಒಂದೊಂದೇ ತುಂಡನ್ನು. ಪಕ್ಕಪಕ್ಕಕ್ಕೆ ಕೂತಾಗ ಅವು ಏನು ಮಾಡುತ್ತವೆ ಎಂದು ನೋಡಿರಲಿಲ್ಲ. ಹೆಣ್ಣು ನೋಡಲಿಕ್ಕೆ ಹೋಗುವವರೂ ಇದೇ ತಪ್ಪು ಮಾಡುತ್ತಾರೆ, ಆದರೆ ಅವರಿಗೆ ಫ್ರೀಜರ್ ಸಿಗುವುದಿಲ್ಲ ಎಂಬ ನೆಪವಾದರೂ ಇದೆ.

ಮರುದಿನ ತುಕಾರಾಮನನ್ನು ಕರೆಸಿ, ವಸಂತನ ಎದುರಿಗೇ ಹೇಳಿದೆ: “ತಪ್ಪು ನಂದು. ನೀ ಹೇಳಿದ್ದಿ.” ವಸಂತ ಪ್ಲಾಯ್‌ವುಡ್ಡಿನ ಸೇಡು ತೀರಿಸಿಕೊಳ್ಳಬಹುದಿತ್ತು. ತೀರಿಸಿಕೊಳ್ಳಲಿಲ್ಲ, ನನಗೆ ಚಹಾ ತರಿಸಿದ. ತುಕಾರಾಮ ಕಿವಿಯ ಮೇಲಿನ ಪೆನ್ಸಿಲು ತೆಗೆದು ನನ್ನ ಮುಂದೆ ಹಿಡಿದ. ಇಷ್ಟು.

ನಾನು ಪ್ರತಿಮಾಳಿಗೆ ಫೋನ್ ಮಾಡಿಸಿದೆ. “ಮನ್ಯಾಗ ಪೆನ್ಸಿಲ್ ಅದನ? ಎಲ್ಲಾ ಸ್ಕ್ರೂ ಬಿಚ್ಚಿಸು. ಒಂದೊಂದು ಹಲಗಿ ನಡುವ ಪೆನ್ಸಿಲ್ ಇಟ್ಟು ಕೂಡಸರಿ.”

ಶೆಟ್ಟರು ನಾಲ್ಕು ದಿನಕ್ಕೆಂದು ಹೋದವರು. ಕೈಗೆ ಪ್ಲಾಸ್ಟರು, ದಾರಿಗೆ ಹಿಮ, ಎರಡು ತಿಂಗಳು ಅಲ್ಲೇ ಉಳಿದರು. ಇಲ್ಲಿ ಹೊಟೇಲು ಭಟ್ಟರ ಕೈಯಲ್ಲಿ ಏನೂ ತೊಂದರೆಯಿಲ್ಲದೆ ನಡೆಯಿತು. ಇದು ಶೆಟ್ಟರಿಗೆ ಆಮೇಲೆ ಕೈಗಿಂತ ಹೆಚ್ಚು ನೋವು ಕೊಟ್ಟಿತು. ಬಿಸಿಲು ಬಿದ್ದ ಒಂದು ವಾರ ಹಿಡಿದು ಮಾವ, ಅಳಿಯ ಇಬ್ಬರೂ ಜಗಲಿ ಬಿಚ್ಚಿ ಮತ್ತೆ ಕೂಡಿಸಿದರು. ಅಳಿಯ ಸ್ಕ್ರೂ ತಿರುಗಿಸುವುದು, ಶೆಟ್ಟರು ನೆಟ್ಟಗಿದ್ದ ಕೈಯಲ್ಲಿ ಹಲಗೆಗಳ ನಡುವೆ ಪೆನ್ಸಿಲು ಹಿಡಿಯುವುದು. ಶೆಟ್ಟರ ಹಿಂದಿ ತರಕಾರಿ ಮಾರ್ಕೆಟ್ಟಿನ ಹಿಂದಿ. ಅಳಿಯ “ಔರ್ ಥೋಡಾ?” ಎಂದು ಕೇಳುತ್ತಿದ್ದನಂತೆ, ಇವರು “ಬಸ್” ಅನ್ನುತ್ತಿದ್ದರಂತೆ. ಇಡೀ ಜಗಲಿಗೆ ಇವೇ ಎರಡು ಮಾತು ಸಾಕಾದವು. ಅದಾದ ಮೇಲೆ ನೀರು ನಿಲ್ಲಲಿಲ್ಲ.

ಸಂದಿ ಬಿಟ್ಟು ಕೂಡಿಸಿದಾಗ ಕೊನೆಯ ಎರಡು ಹಲಗೆಗಳಿಗೆ ಜಾಗ ಸಾಲಲಿಲ್ಲ. ಅವನ್ನು ಶೆಟ್ಟರು ಅಲ್ಲೇ ಬಿಟ್ಟು ಬರಬಹುದಿತ್ತು. ರೈಲಿನಲ್ಲಿ ಎಲ್ಲರ ಕಾಲಿಗೆ ತಾಗಿಸಿ ಬೈಸಿಕೊಂಡು ಪುಣೆಯ ತನಕ ಹೊತ್ತು ತಂದರು. ಹೊರಸಿನ ಮೇಲೆ ಇಟ್ಟು, “ಅಮ್ಮ, ಇದು ನಿಮ್ಮದು ಉಳಿದದ್ದು,” ಎಂದರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಮೊಮ್ಮಗ ತಮ್ಮನ್ನು ‘ಫಿಸಲ್‌ಗುಂಡಿ ಅಜ್ಜ’ ಎಂದು ಕರೆಯುತ್ತಾನೆ, ಜಾರುವ ಅಜ್ಜ, ಎಂದು ಮೂರು ಸಲ ಹೇಳಿದರು. ಮೂರು ಸಲವೂ ಕನ್ನಡಕ ಒರೆಸಿದರು.

ಈಗ ಅವರು ಪ್ರತಿ ವರ್ಷ ಹೋಗುತ್ತಾರೆ. ಹಿಮ ಬೀಳುವಾಗ ಯಾಕೆ ಹೋಗುವುದಿಲ್ಲ ಎಂದು ಕೇಳಿದರೆ, “ಬೇಸಿಗೆ ಉಂಟಲ್ಲ ಅಮ್ಮ,” ಎನ್ನುತ್ತಾರೆ. ಜಗಲಿ ಬೆಳ್ಳಿಯ ಬಣ್ಣಕ್ಕೆ ತಿರುಗಿದೆಯಂತೆ, ಗಟ್ಟಿಯಾಗಿದೆಯಂತೆ.

ಆ ಎರಡು ಹಲಗೆಗಳನ್ನು ಕುಯ್ದು ತುಕಾರಾಮ ನನಗೆ ಮಣೆ ಮಾಡಲು ಕೂತ. ರೈಲಿನ ಮೊಳೆಯ ತೂತಿದ್ದ ತುಂಡು ಬಿಡಲೇ ಎಂದು ಕೇಳಿದ, ಇರಲಿ ಎಂದೆ. ಎರಡನ್ನೂ ಪಕ್ಕಪಕ್ಕಕ್ಕಿಟ್ಟು ನನ್ನ ಮುಖ ನೋಡಿದ. ಗಂಭೀರವಾಗಿಯೇ ಕೇಳಿದ, ಮೀಸೆ ಮಾತ್ರ ಅಲುಗುತ್ತಿತ್ತು: “ಆಜಿ, ಫಟ ಠೇವೂ, ಕೀ ನಕೋ?” ಸಂದಿ ಬಿಡಲೋ, ಬೇಡವೋ.

ವಸಂತ ಗದ್ದುಗೆಯ ಮೇಲೆ ಬರೆಯುವುದನ್ನು ನಿಲ್ಲಿಸಿದ.

“ಠೇವ,” ಎಂದೆ.

ಅವನು ಪೆನ್ಸಿಲು ನಡುವೆ ಇಟ್ಟು ಮೊಳೆ ಹೊಡೆದ. ಆ ಜಗಲಿಯ ಸಂದಿಗಳನ್ನೆಲ್ಲ ಒಟ್ಟು ಮಾಡಿದರೆ ಎಷ್ಟಾಗುತ್ತದೋ, ಅಷ್ಟರಲ್ಲಿ ಆದದ್ದು ನಾನು ಕೂಡುವ ಈ ಮಣೆ. ಇವತ್ತು ಬೆಳಿಗ್ಗೆ ಇದರ ಮೇಲೆ ಕೂತು ಸಾಸಿವೆ ಆರಿಸುತ್ತಿದ್ದೆ. ಹತ್ತಿಪ್ಪತ್ತು ಕಾಳು ಸಂದಿಯಿಂದ ಕೆಳಗೆ ಬಿದ್ದವು. ಎತ್ತಿ ನೋಡಲು ಮಣೆ ಭಾರ, ಬಗ್ಗಲು ಮಂಡಿ ಬಿಡುವುದಿಲ್ಲ. ಬೀಳಲಿ ಎಂದು ಬಿಟ್ಟೆ.